ಮಾದೇವಿಗೊಂದು ಕರು

ಕೆಂದ ಕರುವಿನ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಗೊರಸಿನ ಸಂದಿಗೆ ಮೆತ್ತಿಕೊಂಡಿದ್ದ ಸಗಣಿಯನ್ನು ಜೋಳದ ದಂಟಿನ ಚೂರಿನಿಂದ ಕೆರೆಯುತ್ತಿದ್ದೆ. ಮೈ ತುಂಬಿದ ಕರು. ಬೆನ್ನ ಮೇಲೆ ಕೈಯಾಡಿಸಿದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಹಣೆಯ ಮೇಲೆ ಯಾರೋ ಸುಣ್ಣದಲ್ಲಿ ಬೆರಳದ್ದಿ ಇಟ್ಟಂತೆ ಒಂದು ಬಿಳಿ ಬೊಟ್ಟು. ಗೊರಸು ಮಾತ್ರ ಆ ಮೈಗೆ ಸೇರಿದ್ದೇ ಅಲ್ಲ ಅನ್ನುವಷ್ಟು ಸಣ್ಣದು. ಅದರ ಹಿಂಭಾಗ ಆಗಲೇ ನೆಲಕ್ಕೆ ಕುಸಿದಿತ್ತು. ಹಿಂಗಾಲುಗಳು ನೆಟ್ಟ ಕಂಬದ ಹಾಗೆ ನೇರ. ಈ ಕಾಲು ಈ ಮೈಯನ್ನು ಎಷ್ಟನೆಯ ಸೂಲಿನತನಕ ಹೊತ್ತೀತು ಎಂಬುದು ನನ್ನ ಬೆರಳಿಗೆ ಗೊತ್ತಿತ್ತು. ಬೆರಳಿಗೆ ಗೊತ್ತಿದ್ದದ್ದನ್ನು ನಾನು ಬಾಯಿಗೆ ತಂದಿರಲಿಲ್ಲ.

ನನ್ನ ಗಂಡ ಫಕೀರಪ್ಪ ದನದ ಮನೆಯ ಬಾಗಿಲಿಗೆ ಬಂದು ನಿಂತರು.

"ಅದರ ಕಾಲ ಹಿಡಕೊಂಡು ಎಷ್ಟೊತ್ತು ಕುಂದರ್ತಿ? ಮೈ ತೊಳದು ಬಿಡು. ಗುರುವಾರ ಬೀಗರು ಕರಾ ನೋಡಾಕ ಬರ್ತಾರಂತ, ಹೇಳಿ ಕಳಿಸ್ಯಾರ. ನಮ್ಮ ಲೀಲಾನ್ನೂ ಕರಕೊಂಡು ಬರ್ತಾರಂತ."

"ಇದನ್ನ ಕೊಡತೀನಂತ ನಾ ಯಾವಾಗ ಅಂದೆ?"

"ಅನ್ನೂದೇನೈತಿ ಅದರಾಗ. ಇರೂವು ಎರಡು ಕರ. ಒಂದು ಇದು. ಇನ್ನೊಂದು, ಅಕಾ ಅಲ್ಲಿ, ನೆನಸಿದ ಗೋಣಿಚೀಲ." ಮೂಲೆಯಲ್ಲಿ ಮೆಲುಕು ಹಾಕುತ್ತಿದ್ದ ಬೂದು ಕರುವಿನ ಕಡೆಗೆ ಗದ್ದ ಎತ್ತಿ ತೋರಿಸಿದರು. "ಅದನ್ನ ಹಿಡಕೊಂಡು ಹಂದರದ ಮುಂದ ನಿಂತರ ಮಂದಿ ಏನಂದಾರು? ಮಗಳ ಸಿಟ್ಟು ಸೊಸಿ ಮ್ಯಾಲ ತೀರಿಸ್ಕೊಂಡ್ಲು ಅಂತಾರ."

ಅವರು ತಮಾಷೆಗೆ ಅಂದಿರಬೇಕು. ದನಗಳ ವಿಷಯದಲ್ಲಿ ಅವರಿಗೆ ಕಾಣುವುದು ಬಣ್ಣ ಮತ್ತು ಮೈ. ಸಿಟ್ಟು ತೀರಿಸಿಕೊಳ್ಳುವುದೇ ಆದರೆ ನಾನು ಕೊಡಬೇಕಾದದ್ದು ಕೆಂದ ಕರುವನ್ನೇ ಎಂಬುದು ಅವರಿಗೆ ತಿಳಿಯದು. ನಿಜ ಹೇಳಬೇಕೆಂದರೆ, ಅವರು ಬಾಗಿಲಿಗೆ ಬರುವ ಮೊದಲೇ ನನ್ನ ಮನಸ್ಸು ಕೆಂದ ಕರುವಿನ ಕೊರಳಿಗೆ ಹಗ್ಗ ಕಟ್ಟಿಯಾಗಿತ್ತು.

ನಮ್ಮ ಊರಿನಲ್ಲಿ ಮದುವೆಯಾಗಿ ಬಂದ ಹೆಣ್ಣಿಗೆ ಅತ್ತೆಯಾದವಳು ತನ್ನ ಮನೆಯಲ್ಲಿ ಹುಟ್ಟಿದ ಹೆಣ್ಣುಕರುಗಳಲ್ಲಿ ಒಂದನ್ನು ಆರಿಸಿ, ಹಂದರದ ಮುಂದೆ ಅದರ ಹಗ್ಗವನ್ನು ಕೈಗೆ ಕೊಡಬೇಕು. ಆ ಕರು ಬೆಳೆದು ಈದು ಹಾಲು ಕೊಡುವತನಕ ಸೊಸೆಯ ಮಾತು ಯಾರಿಗೂ ಕೇಳಿಸುವುದಿಲ್ಲ. ಈದ ದಿನ ಕೇಳಿಸತೊಡಗುತ್ತದೆ. ಪ್ರತಿ ಸಲ ಮುಂದಿನ ಸೂಲಿಗೆ ಮೊದಲು ಹಿಂಡುವುದನ್ನು ನಿಲ್ಲಿಸಿ ಆಕಳನ್ನು ಬತ್ತಿಸಿದಾಗ ಮತ್ತೆ ನಿಲ್ಲುತ್ತದೆ, ಮುಂದಿನ ಕರು ಹಾಕಿದಾಗ ಮರಳುತ್ತದೆ. ವರ್ಷಕ್ಕೊಮ್ಮೆ ತಪ್ಪದೆ ಈಯುವ ಆಕಳಾದರೆ ಹೆಂಗಸು ಸುಮ್ಮನಿರುವುದು ಎರಡು ತಿಂಗಳು. ಗಬ್ಬ ನಿಲ್ಲದೆ ಹೋರಿಯ ಬಳಿಗೆ ಮತ್ತೆ ಮತ್ತೆ ಹೋಗಿ ಬರುವ ಆಕಳಾದರೆ ವರ್ಷಗಟ್ಟಲೆ. ಅದು ಪೂರ್ತಿ ಗೊಡ್ಡಾದರೆ ಅಲ್ಲಿಗೆ ಮುಗಿಯಿತು. ಒಬ್ಬಳಿಗೆ ಒಂದೇ ಆಕಳು. ಒಳ್ಳೆಯವು ಇಲ್ಲಿ ಹೆಂಗಸರ ಜೊತೆಗೇ ಮುದಿಯಾಗುತ್ತವೆ. ಹೊರಗಿನ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿಯ ಹೆಂಗಸರ ಮಾತು ಯಾವುದರ ಮೇಲೆ ನಿಂತಿರುತ್ತದೋ ನನಗೆ ಗೊತ್ತಿಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ಅಂಗಡಿಗಳ ಕಟ್ಟೆಯ ಮೇಲೆ ಒಂದು ತಾಟು, ಒಂದು ಕಟ್ಟಿಗೆ ತುಂಡು ಇರುತ್ತವೆ. ಬಂದವಳು ತಾಟು ಬಡಿದು, ಬೇಕಾದ ಸಾಮಾನಿಗೆ ಬೆರಳು ತೋರಿಸುತ್ತಾಳೆ. ಆಕಳು ಬತ್ತಿಸುವ ವಾರ ಪ್ರತಿ ಮನೆಯಲ್ಲೂ ಜಗಳ. ಮುಂದಿನ ಎರಡು ತಿಂಗಳಿಗೆ ಆಗುವಷ್ಟನ್ನೂ ಹೆಂಗಸರು ಆಗಲೇ ಆಡಿ ಮುಗಿಸುತ್ತಾರೆ. ಗಂಡಸರು ಆ ವಾರ ಹೊಲದಲ್ಲಿ ಕೆಲಸ ಹೆಚ್ಚಾಗಿದೆ ಅನ್ನುತ್ತಾರೆ. ಉಪ್ಪು, ನೀರು, ಜ್ವರ ಎಲ್ಲವೂ ಕೈಸನ್ನೆಗೆ ಸಿಗುತ್ತವೆ. ಅದಕ್ಕಿಂತ ದೊಡ್ಡದನ್ನು ಸನ್ನೆಯಲ್ಲಿ ಹೇಳಹೊರಟರೆ ನೋಡುವವರ ಕಣ್ಣು ಬೇರೆ ಕಡೆ ಹೊರಳುತ್ತದೆ. ಬರೆದು ತೋರಿಸಿದವರೂ ಇದ್ದಾರೆ. ಮನೆಯವರು ಓದುತ್ತಾರೆ, ಹೌದು ಅನ್ನುವಂತೆ ತಲೆಯಾಡಿಸಿ ಕೈಯಲ್ಲಿದ್ದ ಕೆಲಸಕ್ಕೆ ಮರಳುತ್ತಾರೆ. ಇನ್ನೂ ಮಾತು ಬಾರದ ಕೂಸುಗಳಿಗೆ ಮಾತ್ರ ಎಲ್ಲ ತಾಯಂದಿರ ಮಾತೂ ಕೇಳಿಸುತ್ತದೆ. ಮೊದಲ ಮಾತು ಆಡಿದ ಗಳಿಗೆಯಿಂದ ಅವೂ ನಮ್ಮಂತೆಯೇ.

ನನ್ನ ಅಪ್ಪ ಊರಿನ ಬೀಜದ ಹೋರಿ ಸಾಕುತ್ತಿದ್ದ. ಜನ ಹೋರಿಯ ಎದೆ ನೋಡಿ, ಬೆನ್ನ ಮೇಲಿನ ಇಣಿ ನೋಡಿ ಹೊಗಳುತ್ತಿದ್ದರೆ ಅಪ್ಪ ಸುಮ್ಮನೆ ನಗುತ್ತಿದ್ದ. ಅವನು ಹೋರಿ ತರಲು ಹೋದಾಗ ಹೋರಿಯನ್ನು ಆಮೇಲೆ ನೋಡುತ್ತಿದ್ದ. ಮೊದಲು ಅದರ ತಾಯಿ ಎಲ್ಲಿ ಎಂದು ಕೇಳುತ್ತಿದ್ದ, ಆಮೇಲೆ ಅದರ ಅಜ್ಜಿ. ಅಜ್ಜಿ ಇನ್ನೂ ಮೇಯಲು ಗುಡ್ಡಕ್ಕೆ ನಡೆದು ಹೋಗಿ ಬರುತ್ತಿದೆಯೋ ಇಲ್ಲವೋ, ಅದರ ಕೆಚ್ಚಲು ಮೊಣಕಾಲಿಗಿಂತ ಮೇಲೆ ನಿಂತಿದೆಯೋ ಜೋತಿದೆಯೋ, ಕಳೆದ ಸಲ ಒಂದೇ ಹೋರಿಗೆ ಗಬ್ಬ ನಿಂತಿತೋ ಇಲ್ಲವೋ, ಇಷ್ಟೇ ಅವನ ಪ್ರಶ್ನೆಗಳು. "ಮೊದಲನೇ ಸೂಲಿನ ಹಾಲಿಗೆ ಮರುಳಾಗಬಾರದವ್ವ," ಅನ್ನುತ್ತಿದ್ದ. "ಮೊದಲ ಸೂಲಿನಾಗ ಕೊಡ ತುಂಬಸೂ ಆಕಳ ತನ್ನ ಎಲುಬು ಕರಗಿಸಿ ತುಂಬಸತೈತಿ. ಎಲುಬು ಎಷ್ಟು ದಿನ ಬಂದೀತು?" ನಾನು ಅವನ ಹಿಂದೆ ತಿರುಗಿ ಕೈಯಿಂದ ನೋಡುವುದನ್ನು ಕಲಿತೆ. ಚರ್ಮ ಹಿಡಿದು ಬಿಟ್ಟರೆ ಸಡಿಲವಾಗಿ ಮರಳಬೇಕು. ಪಕ್ಕೆಲುಬುಗಳ ನಡುವೆ ಬೆರಳು ಹಿಡಿಸಬೇಕು. ಹಿಂಗಾಲು ಮಣಿಯುವ ಕಡೆ ಚೂರು ಬಾಗಿರಬೇಕು, ನೇರವಿದ್ದರೆ ಕಲ್ಲಿನ ಮೇಲೆ ನಡೆದು ನಡೆದು ಕೀಲು ಸವೆಯುತ್ತದೆ.

ಹಾಗೆಂದು ನನ್ನ ಆಕಳು ಹೊನ್ನಿ ನನ್ನ ಜಾಣತನದಿಂದ ಬಂದವಳಲ್ಲ. ನನ್ನ ಅತ್ತೆಗೆ ಮೊಣಕಾಲು ನೋವು. ಕರು ಆರಿಸುವ ದಿನ ದನದ ಮನೆಯ ಒಳತನಕ ನಡೆಯಲಾರದೆ ಬಾಗಿಲ ಬಳಿ ಕಟ್ಟಿದ್ದದ್ದನ್ನೇ ಬಿಚ್ಚಿಸಿಕೊಟ್ಟರು. ಬಾಗಿಲ ಬಳಿ ಇದ್ದದ್ದು ಹೊನ್ನಿ. ಇಪ್ಪತ್ತು ಸೂಲು ದಾಟಿದಳು. ಒಂದು ಸಲವೂ ಊರು ಬಂದು ನೋಡುವಷ್ಟು ಹಾಲು ಕೊಡಲಿಲ್ಲ, ಒಂದು ವರ್ಷವೂ ಬರಿದಾಗಿ ಬಿಡಲಿಲ್ಲ. ಈ ಸಲ ಮಾತ್ರ ಗಬ್ಬ ನಿಂತಿಲ್ಲ. ಹಾಲು ದಿನದಿನಕ್ಕೆ ಇಳಿಯುತ್ತಿದೆ. ಮದುವೆಯ ತನಕ ಬರಬಹುದು, ಅದರಾಚೆ ನಾಲ್ಕು ದಿನ. ಆಮೇಲೆ ನಾನೂ ಮುಗಿಯುತ್ತೇನೆ. ಆದರೂ ಸಿಕ್ಕಿದ್ದು ಕಡಿಮೆ ಎಂದು ನಾನು ಹೇಳುವಂತಿಲ್ಲ. ಕಡಿಮೆ ಸಿಕ್ಕವಳು ನನ್ನ ಮಗಳು.

ಲೀಲಾಳನ್ನು ಊರಿನ ಆ ತುದಿಯ ಕಾಶವ್ವನ ಮನೆಗೆ ಕೊಟ್ಟು ಎಂಟು ವರ್ಷವಾಯಿತು. ಆಗಲೇ ಮಾತಾಗಿತ್ತು, ಅವರ ಮಗಳು ಮಾದೇವಿ ದೊಡ್ಡವಳಾದ ಮೇಲೆ ನಮ್ಮ ಮಗ ಸಿದ್ಲಿಂಗನಿಗೆ ಎಂದು. ಲೀಲಾಳ ಮದುವೆಯಲ್ಲಿ ಕಾಶವ್ವ ಕೊಟ್ಟ ಕರುವನ್ನು ಜನ ಇನ್ನೂ ಮರೆತಿಲ್ಲ. ಎರಡು ಬಣ್ಣದ ಕರು, ತೊಡೆಗಳು ಉರುಟುರುಟು. ಹಲಗೆ ಬಾರಿಸಿಕೊಂಡು ಓಣಿ ಓಣಿ ತಿರುಗಿಸಿದರು. ನಾನು ಹಂದರದ ಕಂಬಕ್ಕೆ ಒರಗಿ ಅದರ ಗೊರಸು ನೋಡುತ್ತ ನಿಂತಿದ್ದೆ. ಹೆಣ್ಣಿನ ತಾಯಿ ಆ ಹೊತ್ತಿನಲ್ಲಿ ಬಾಯಿ ತೆರೆಯುವಂತಿಲ್ಲ. ಎರಡೂವರೆ ವರ್ಷಕ್ಕೇ ಈಯಿತು, ಹಾಲು ಹೊಳೆಯಾಯಿತು. ಎರಡನೆಯ ಸೂಲಿಗೆ ಗಬ್ಬ ನಿಲ್ಲುವುದು ತಡವಾಯಿತು. ಮೂರನೆಯದಕ್ಕೆ ಕೆಚ್ಚಲು ಹರಿದ ಜೋಳಿಗೆಯ ಹಾಗೆ ಜೋತುಬಿದ್ದು, ನಡೆದಾಗ ಕಾಲಿಗೆ ಬಡಿದು ಗಾಯವಾಗಿ, ಒಂದು ಮೊಲೆ ಕೆಟ್ಟಿತು, ಆಮೇಲೆ ಇನ್ನೊಂದು. ಕಡೆಗೆ ಆಕಳು ಕಾಲು ಸೀಳಿ ಬಿದ್ದುಕೊಂಡಿತು, ಮತ್ತೆ ಏಳಲಿಲ್ಲ. ಲೀಲಾಳಿಗೆ ಆಗ ಇಪ್ಪತ್ತನಾಲ್ಕು, ಮಡಿಲಲ್ಲಿ ಹಾಲು ಕುಡಿಯುವ ಕೂಸು.

ಮಗಳು ಬಂದು ಎದುರಿಗೆ ಕೂತು ತುಟಿ ಆಡಿಸುತ್ತಾಳೆ. ಕೆಲವರು ಒಂದಷ್ಟು ತಿಂಗಳಾದ ಮೇಲೆ ಆಡಿಸುವುದನ್ನೇ ಬಿಡುತ್ತಾರೆ, ಇವಳು ಬಿಟ್ಟಿಲ್ಲ. ನಾನು ತುಟಿ ನೋಡಿ ಅರ್ಥ ಮಾಡಿಕೊಂಡಂತೆ ತಲೆಯಾಡಿಸುತ್ತೇನೆ. ಅರ್ಥವಾಗಿಲ್ಲ ಎಂದು ಅವಳಿಗೆ ತಿಳಿಯುತ್ತದೆ. ಕೂಸು ಮಾತ್ರ ಅವಳ ಮುಖ ನೋಡುತ್ತ ಗಲಗಲ ನಗುತ್ತದೆ, ಕರೆದರೆ ತಿರುಗುತ್ತದೆ. ಎರಡು ವರ್ಷ ತುಂಬಿದರೂ ಅದು ಮಾತಾಡಿಲ್ಲ. ಅತ್ತೆಯ ಮನೆಯವರಿಗೆ ಅದು ಚಿಂತೆ. ಲೀಲಾಳಿಗೆ ಚಿಂತೆಯಿಲ್ಲ. ಯಾರಾದರೂ ಕೂಸಿನ ಮುಂದೆ ಕುಳಿತು "ಅಜ್ಜಿ ಅನ್ನು, ಅಪ್ಪ ಅನ್ನು" ಎಂದು ಕಲಿಸಹೊರಟರೆ ಅವಳು ಬಂದು ಕೂಸನ್ನು ಎತ್ತಿಕೊಂಡು ಹೋಗಿಬಿಡುತ್ತಾಳೆ.

ಕಾಶವ್ವನ ಆಕಳು ಕರಿಯದು, ಕುರೂಪಿ, ಮೂವತ್ತು ವರ್ಷದಿಂದ ಹಾಲು ಕೊಡುತ್ತಿದೆ. ಅಂಥ ಆಕಳನ್ನು ದಿನಾ ಹಿಂಡುವವಳಿಗೆ ಬಾಳುವ ಆಕಳು ಯಾವುದೆಂದು ತಿಳಿಯದೆ ಇರುತ್ತದೆಯೇ? ಬೇಕೆಂದೇ ನನ್ನ ಮಗಳ ಬಾಯಿ ಕಟ್ಟಿದಳು, ಅದೂ ಊರೆಲ್ಲ ಹೊಗಳುವ ಹಾಗೆ. ಎರಡು ವರ್ಷ ಈ ಮಾತನ್ನು ಒಳಗೇ ಮೇಯಿಸಿದ್ದೆ. ಈಗ ಅವಳ ಮಗಳು ನನ್ನ ದನದ ಮನೆಗೆ ಬರುತ್ತಿದ್ದಾಳೆ. ಕೆಂದ ಕರುವಿನ ತಾಯಿ ನಮ್ಮ ಮನೆಯ ಕೆಂಪಿಯೂ ಮೊದಲ ಸೂಲಿನಲ್ಲಿ ಊರು ನೋಡಲು ಬಂದಂಥ ಆಕಳೇ. ಈಗ ಅದರ ಕೆಚ್ಚಲಿಗೆ ಬಟ್ಟೆ ಕಟ್ಟಿ ಎತ್ತಿ ಹಿಡಿದಿದ್ದೇವೆ. ಬೂದು ಕರು ಹೊನ್ನಿಯ ಮೊಮ್ಮಗಳು.

ಗುರುವಾರ ಬಿಸಿಲೇರುವ ಮೊದಲು ಬಂದರು. ಮುಂದೆ ಕಾಶವ್ವ, ಹಿಂದೆ ಕೂಸನ್ನು ಸೊಂಟದ ಮೇಲೆ ಹೊತ್ತ ಲೀಲಾ. ಕರು ನೋಡುವ ಶಾಸ್ತ್ರಕ್ಕೆ ಮದುಮಗಳು ಬರುವ ಪದ್ಧತಿಯಿಲ್ಲ, ಆದರೂ ಮಾದೇವಿ ಬಂದಿದ್ದಳು. ಓಣಿಯ ತಿರುವಿನಿಂದಲೇ ಅವಳ ದನಿ ಕೇಳಿಸುತ್ತಿತ್ತು.

"ಬ್ಯಾಡಂದ್ರೂ ಬಂದಾಳ್ರಿ ಬೀಗತೇರ," ಕಾಶವ್ವ ಮೆಟ್ಟಿಲ ಮೇಲೆ ಕಾಲು ತೊಳೆಯುತ್ತ ಅಂದಳು. "ಇನ್ನ ಎಂಟು ದಿನ ಬಾಯಿ ಐತಲ್ಲ, ಊರೆಲ್ಲ ತಿರಗಿ ಖರ್ಚ ಮಾಡಾಕ ಹತ್ತ್ಯಾಳ."

"ಮತ್ತ ಇಟ್ಟಕೊಂಡು ಏನ ಮಾಡ್ಲಿ?" ಮಾದೇವಿ ನನ್ನ ಕಾಲು ಮುಟ್ಟಿ ಎದ್ದು, ಎದ್ದ ಕೂಡಲೇ ಶುರು ಮಾಡಿದಳು. "ಅತ್ತೆರ, ಸಿಟ್ಟ ಮಾಡಬ್ಯಾಡ್ರಿ, ಕರದ ವಿಷಯಾ ಸೊಸಿ ಮಾತಾಡಬಾರದು ನನಗ ಗೊತ್ತೈತಿ. ಆದ್ರ ಸೊಸಿ ಆದ ಮ್ಯಾಲ ಮಾತಾಡಾಕ ಬರೂದಿಲ್ಲಲ್ಲ, ಅದಕ್ಕ ಈಗ ಹೇಳತೀನಿ. ಲಗೂನ ಈಯೂದು ಕೊಡ್ರಿ. ಅವ್ವ ಅಂತಾಳ, ಕೆಂದದ್ದಾದ್ರ ಎರಡೂವರಿ ವರ್ಷಕ್ಕ ಈದೀತು, ಬೂದಿದ್ದು ನಾಕು ವರ್ಷ ಹಿಡೀತೈತಿ ಅಂತ. ನಾಕು ವರ್ಷ ಸುಮ್ಮನ ಕುಂತರ ನನ್ನ ಹೊಟ್ಟಿ ಒಡೀತೈತಿ ನೋಡ್ರಿ."

ಅವಳು ಹೇಳಿದ್ದು ಸುಳ್ಳಲ್ಲ. ಹೊನ್ನಿಯ ಸಂತಾನ ನಿಧಾನವಾಗಿ ಬೆಳೆಯುತ್ತದೆ. ಎಲುಬು ಗಟ್ಟಿಯಾದ ಮೇಲೆಯೇ ಅದು ಹೋರಿಯನ್ನು ಬಿಟ್ಟುಕೊಳ್ಳುವುದು.

"ಮೊದಲಿನ ನಾಕು ವರ್ಷದ ಚಿಂತಿ ಮಾಡತಿ," ಅಂದೆ ನಾನು. "ನಲವತ್ತರ ಮ್ಯಾಲಿಂದು?"

"ನಲವತ್ತಕ್ಕ ಯಾರಿಗೆ ಮಾತಾಡೂದೈತ್ರಿ ಅತ್ತೆರ? ಎಲ್ಲಾ ಆಡಿ ಮುಗದಿರತೈತಿ." ಅವಳು ನಕ್ಕಳು. ಕಾಶವ್ವನೂ ನಕ್ಕಳು. ನಾನು ನಗಲಿಲ್ಲ. ಇಪ್ಪತ್ತು ಮೂವತ್ತರಲ್ಲಿ ನಾನು ಆಡಿದ್ದೆಲ್ಲ ಯಾರಿಗೋ ಕೊಟ್ಟ ಉತ್ತರ: ಆಯಿತು, ಬಂದೀತು, ಹಾಕಿದೆ, ತಂದೆ. ನನ್ನದು ಅನ್ನುವಂಥ ಮಾತು ಹುಟ್ಟಿದ್ದೇ ನಲವತ್ತರ ನಂತರ. ಮೈದುನನ ಪಾಲಿಗೆ ಹೋಗಲಿದ್ದ ಕೆರೆಯ ಕೆಳಗಿನ ಹೊಲವನ್ನು ಬೇಡ ಎಂದು ನಿಲ್ಲಿಸಿದ್ದು, ಗಂಡನಿಗೆ ಮೊದಲ ಸಲ ನೀವು ಹೇಳುವುದು ತಪ್ಪು ಎಂದದ್ದು, ಒಬ್ಬಳೇ ಇದ್ದಾಗ ಹಾಡಿಕೊಂಡದ್ದು. ಇದನ್ನು ಇಪ್ಪತ್ತರ ಹುಡುಗಿಗೆ ಹೇಗೆ ಹೇಳುವುದು?

ಎಲ್ಲರೂ ದನದ ಮನೆಗೆ ಹೋದೆವು. ಕೆಂದ ಕರು ಮೈ ತೊಳೆಸಿಕೊಂಡು ಮಿರುಗುತ್ತಿತ್ತು. ಕಾಶವ್ವ ಅದರ ಹಣೆಯ ಬೊಟ್ಟನ್ನು ಸವರಿದಳು, ಬೆನ್ನು ಸವರಿದಳು, ಬಾಲದ ಕುಚ್ಚನ್ನು ಕೈಯಲ್ಲಿ ಹಿಡಿದು ನೋಡಿದಳು. ಕಾಲಿನ ಕಡೆಗೆ ಅವಳ ಕಣ್ಣು ಇಳಿಯಲೇ ಇಲ್ಲ. ಆಮೇಲೆ ಮಾದೇವಿಯನ್ನು ನೀರು ತರಲು ಕಳಿಸಿ, ನನ್ನ ಹತ್ತಿರಕ್ಕೆ ಬಂದು ದನಿ ತಗ್ಗಿಸಿದಳು.

"ಬೀಗತೇರ, ಒಂದು ಮಾತು. ನಿಮ್ಮ ಮನಸ್ನ್ಯಾಗ ಏನೈತೋ ನನಗ ಗೊತ್ತಿಲ್ಲ. ಲೀಲಾನ ದೈವ ಹಂಗಾತು. ಅಂಥಾ ಕೆಚ್ಚಲ, ಮಂದಿ ಕಣ್ಣು ಬಿತ್ತು, ದೃಷ್ಟಿ ತಗದು ತಗದು ಸಾಕಾದ್ನಿ. ಆದ್ರ ನಾ ಕೊಟ್ಟಿದ್ದು ಎಂಥಾ ಕರಾ ಅಂತ ಊರ ನೋಡೇತಿ. ನನ್ನ ಮಗಳಿಗೂ ಅಂಥಾದ್ದ ಕೊಡ್ರಿ. ಅಷ್ಟ ಬೇಡತೀನಿ."

"ಅಂಥಾದ್ದನ್ನ?"

"ಅಂಥಾದ್ದನ್ನ. ನಮ್ಮತ್ತಿ ನನಗ ಆ ಕುರೂಪಿ ಕರೀ ಕರಾ ಕಟ್ಟಿದ್ಲು. ಮೂವತ್ತು ವರ್ಷ ಅದರ ಮಾರಿ ನೋಡಕೋತ ಹಾಲು ಹಿಂಡೀನ್ರಿ. ಓರಗಿತ್ತೇರ ಆಕಳ ಈದಾಗ ಮಂದಿ ಗುಂಪ ಕೂಡತಿತ್ತು, ನನ್ನದು ಈದ್ರ ಬೆಕ್ಕೂ ಬರ್ತಿರಲಿಲ್ಲ. ನನಗ ಸೊಸಿ ಬಂದ್ರ ಊರಾಗ ಇಲ್ಲದಂಥ ಕರಾ ಕೊಡಬೇಕಂತ ಆಗ ಹರಕಿ ಹೊತ್ತಿದ್ದೆ. ಕೊಟ್ಟೆ."

ಅವಳ ಕಣ್ಣು ತುಂಬಿತ್ತು. ಕಪಟ ಇದ್ದಿದ್ದರೆ ನನಗೆ ಕಾಣುತ್ತಿತ್ತು. ಎರಡು ವರ್ಷದಿಂದ ನಾನು ಹುಡುಕುತ್ತಿದ್ದದ್ದೇ ಅದನ್ನು. ಓರಗಿತ್ತಿಯರ ಆಕಳುಗಳು ಎಂದೋ ಬತ್ತಿ, ಅವರ ಬಾಯಿ ಎಂದೋ ನಿಂತಿದ್ದರೂ ಅವಳ ಮನಸ್ಸಿನಲ್ಲಿ ಉಳಿದದ್ದು ಆ ಗುಂಪು ಮಾತ್ರ. ಮೂವತ್ತು ವರ್ಷ ತನ್ನನ್ನು ಕಾಯ್ದ ಆಕಳನ್ನು ಅವಳು ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ತನಗೆ ಸಿಗದೆ ಹೋದದ್ದನ್ನು ನನ್ನ ಮಗಳಿಗೆ ಕೊಟ್ಟಿದ್ದಳು, ಪ್ರೀತಿಯಿಂದ ಕೊಟ್ಟಿದ್ದಳು. ನಾನು ಸಾಕಿದ ಸಿಟ್ಟು ಕಟ್ಟಲು ಗೂಟವೇ ಇಲ್ಲದ ದನದ ಹಾಗೆ ಒಳಗೆ ನಿಂತುಬಿಟ್ಟಿತು. ಎತ್ತ ಅಟ್ಟಲಿ ಎಂದು ತಿಳಿಯಲಿಲ್ಲ.

ಆಗಲೇ ಮಾದೇವಿ ನೀರಿನ ತಂಬಿಗೆ ಹಿಡಿದು ಬಂದಳು. ಲೀಲಾ ಕೂಸನ್ನು ಕೆಳಗಿಳಿಸಿದ್ದಳು. ಅದು ತಪ್ಪುಹೆಜ್ಜೆ ಹಾಕುತ್ತ ಕೆಂದ ಕರುವಿನ ಮುಂದೆ ಹೋಗಿ ನಿಂತಿತು. ಕರು ಮೂಗು ಚಾಚಿ ಅದರ ಹೊಟ್ಟೆಯನ್ನು ಮೂಸಿತು. ಕೂಸು ಎರಡೂ ಕೈ ಮೇಲೆತ್ತಿತು.

"ಕರ," ಅಂದಿತು.

ಮಾದೇವಿ ತಂಬಿಗೆಯನ್ನು ಅಲ್ಲೇ ಇಟ್ಟು ಓಡಿಬಂದಳು. "ಅವ್ವಾ, ಕೇಳಿದಿ? ಕರ ಅಂತು. ಬಂಗಾರಾ, ಇನ್ನೊಮ್ಮೆ ಅನ್ನು, ಕರ ಅನ್ನು."

"ಕರ," ಅಂದಿತು ಕೂಸು ಮತ್ತೆ, ತನ್ನ ದನಿಗೆ ತಾನೇ ಬೆರಗಾಗಿ.

"ನೋಡ್ರಿ, ನಿಮ್ಮ ಮನಿ ಕರಾನ ಬಾಯಿ ಬಿಡಿಸ್ತು," ಕಾಶವ್ವ ಕೂಸನ್ನು ಎತ್ತಿ ಮುದ್ದಿಟ್ಟಳು. "ಬೆಲ್ಲಾ ತರ್ರಿ ಬೀಗತೇರ. ಶಕುನ ಛಲೋ ಐತಿ. ಇನ್ನ ಇದನ್ನ ಕೊಡೂದು."

ನಾನು ಲೀಲಾಳನ್ನು ನೋಡಿದೆ. ಅವಳು ಗೋದಲಿಯ ಅಂಚನ್ನು ಹಿಡಿದು ನಿಂತಿದ್ದಳು. ತುಟಿ ಅಲುಗಿತು. ಕೂಸಿನ ಹೆಸರಿರಬೇಕು. ಕೂಸು ಅಜ್ಜಿಯ ಕಿವಿಯೋಲೆ ಎಳೆಯುವುದರಲ್ಲಿ ಮುಳುಗಿತ್ತು. ಲೀಲಾ ಎರಡು ಹೆಜ್ಜೆ ಹತ್ತಿರ ಬಂದು ಮತ್ತೆ ಕರೆದಳು. ಕೊರಳ ನರ ಉಬ್ಬಿದ್ದು ಕಂಡಿತು, ಅಷ್ಟು ಗಟ್ಟಿಯಾಗಿ ಕರೆದಿರಬೇಕು. ಕೂಸು ತಿರುಗಲಿಲ್ಲ. ಒಂದು ಸಲ ಅವಳ ಮೇಲೆ ಕಣ್ಣು ಹಾಯಿಸಿತು, ನಕ್ಕಿತು, ಮತ್ತೆ ಓಲೆಗೆ ಕೈ ಹಾಕಿತು. ಮಾದೇವಿ ಅದಕ್ಕೆ ಅತ್ತೆ ಅನ್ನಲು ಕಲಿಸುತ್ತಿದ್ದಳು. ಈ ಸಲ ಲೀಲಾ ಎತ್ತಿಕೊಂಡು ಹೋಗಲಿಲ್ಲ. ಇನ್ನು ಹೋಗಿ ಆಗುವುದೇನಿರಲಿಲ್ಲ.

ನಾನು ಬೆಲ್ಲ ತರಲು ಒಳಗೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಲೀಲಾ ಕಣ್ಣೊರೆಸಿಕೊಳ್ಳುವುದು ನನಗೆ ಕಾಣಲಿಲ್ಲ. ಅವಳು ಅಳಲಿಲ್ಲ ಅನ್ನಿಸುತ್ತದೆ. ಅವಳು ನಡೆದು ಮೂಲೆಯಲ್ಲಿದ್ದ ಬೂದು ಕರುವಿನ ಬಳಿಗೆ ಹೋದಳು. ಮೊದಲು ಚರ್ಮ ಹಿಡಿದು ಬಿಟ್ಟಳು. ಪಕ್ಕೆಲುಬುಗಳ ನಡುವೆ ಬೆರಳಿಟ್ಟಳು. ಬಗ್ಗಿ, ಹಿಂಗಾಲನ್ನು ಮೇಲಿನಿಂದ ಕೆಳಗಿನತನಕ ಸವರುತ್ತ ಬಂದು ಗೊರಸನ್ನು ಅಂಗೈಯಲ್ಲಿ ಹಿಡಿದಳು. ಕರು ಮೆಲುಕು ನಿಲ್ಲಿಸದೆ ಕಾಲು ಕೊಟ್ಟಿತು. ಇದನ್ನೆಲ್ಲ ನಾನೇ ಅವಳಿಗೆ ಸಣ್ಣವಳಿದ್ದಾಗ ಕಲಿಸಿದ್ದೆ, ಯಾವ ಉಪಯೋಗಕ್ಕೆಂದು ಯೋಚಿಸದೆ. ಎದ್ದು ನಿಂತು ನನ್ನ ಮುಖ ನೋಡಿದಳು. ಕೈ ಕರುವಿನ ಬೆನ್ನ ಮೇಲೆಯೇ ಇತ್ತು. ಆ ಕೈಯನ್ನು ಒಂದು ಸಲ ಒತ್ತಿದಳು, ಹಿಟ್ಟಿಗೆ ಮುದ್ರೆ ಒತ್ತುವ ಹಾಗೆ. ತುಟಿ ಆಡಿಸಲಿಲ್ಲ.

ಬೂದು ಕರು ಕೊಟ್ಟರೆ ಕಾಶವ್ವ ಅದನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾಳೆ ಎಂದು ಲೀಲಾಳಿಗಿಂತ ಚೆನ್ನಾಗಿ ತಿಳಿದವರು ಯಾರೂ ಇಲ್ಲ. ತಿರುಗಿ ಒಂದು ಮಾತಾಡಲಾರದವಳ ಮೇಲೆ ಮಾತು ಎತ್ತಿಹಾಕುವುದು ಸುಲಭ. ಉಣ್ಣುವಾಗ, ಮಲಗುವಾಗ, ನಾಲ್ಕು ಜನರ ಮುಂದೆ, ನಿಮ್ಮವ್ವ ನನ್ನ ಮಗಳಿಗೆ ಕಟ್ಟಿದ ಗೋಣಿಚೀಲ ಎಂದು ಅಂದಾಳು, ವರ್ಷಗಟ್ಟಲೆ ಅಂದಾಳು. ಅಷ್ಟನ್ನೂ ತಿಳಿದು ಅವಳು ಆ ಕೈ ಇಟ್ಟಿದ್ದಳು. ಮಾದೇವಿ ಅವಳಿಗೆ ನಾದಿನಿ. ಈ ಎರಡು ವರ್ಷ ಆ ಮನೆಯಲ್ಲಿ ಅವಳ ಪಕ್ಕದಲ್ಲಿ ಕೂತು, ಉತ್ತರ ಬಾರದಿದ್ದರೂ ಮಾತಾಡುತ್ತಲೇ ಇದ್ದವಳು ಮಾದೇವಿ ಒಬ್ಬಳೇ ಎಂದು ಜನ ಹೇಳುತ್ತಾರೆ.

ಬೆಲ್ಲ ತಂದೆ. ಎಲ್ಲರಿಗೂ ಕೊಟ್ಟೆ. ಕಾಶವ್ವ ಹೊರಡುವಾಗ ಎರಡೂ ಕೈ ಹಿಡಿದು, "ಮಾತು ಕೊಟ್ಟಂಗ ಆತಲ್ರಿ?" ಅಂದಳು. "ಆರಸೂದು ನನ್ನ ಕೆಲಸ, ಛಲೋದನ್ನ ಆರಸ್ತೀನಿ," ಅಂದೆ. ಅವಳಿಗೆ ಅಷ್ಟು ಸಾಕಾಯಿತು. ಮಾದೇವಿ ತಿರುವಿನತನಕ ಕೂಗುತ್ತಲೇ ಹೋದಳು, ಲಗೂನ ಈಯೂದು ಅತ್ತೆರ, ಮರೀಬ್ಯಾಡ್ರಿ ಎಂದು. ಕೂಸು ಅವಳ ಹೆಗಲ ಮೇಲಿಂದ ನಮ್ಮ ಕಡೆ ನೋಡುತ್ತ ಕರ, ಕರ ಅನ್ನುತ್ತಿತ್ತು. ಲೀಲಾ ಎಲ್ಲರಿಗಿಂತ ಹಿಂದೆ, ಖಾಲಿ ಸೊಂಟದಲ್ಲಿ ನಡೆದಳು.

ಅವರು ಹೋದ ಮೇಲೆ ಫಕೀರಪ್ಪ ಸಂತೋಷದಲ್ಲಿದ್ದರು. "ಮುಗೀತಲ್ಲ. ಕೆಂದ ಕರಕ್ಕ ಒಂದು ಸರಾ ಗೆಜ್ಜಿ ತರಸಲೇನು?"

"ತರಸ್ರಿ," ಅಂದೆ. "ಕೊರಳು ತೆಳ್ಳಗಿದ್ದದ್ದಕ್ಕೂ ಆಗೂವಂಥಾದ್ದು ತರಸ್ರಿ."

ಅವರು ಅದನ್ನು ಗಮನಿಸಲಿಲ್ಲ.

ಕಾಶವ್ವನಿಗೆ ಹೇಳಬಹುದಿತ್ತು. ಈಗಲೂ ಹೇಳಬಹುದು, ಬಾಯಿ ಇನ್ನೂ ಇದೆ. ಕೈ ಹಿಡಿದು ಕೂರಿಸಿ, ಗೊರಸು ತೋರಿಸಿ, ಕೆಂಪಿಯ ಕೆಚ್ಚಲಿಗೆ ಕಟ್ಟಿದ ಬಟ್ಟೆ ಬಿಚ್ಚಿ ತೋರಿಸಿ, ನೋಡಿ ಬೀಗತೇರ, ಲೀಲಾಳದ್ದು ದೃಷ್ಟಿಯಲ್ಲ, ನೀವು ಕೊಟ್ಟ ಕರುವೇ ಹಾಗಿತ್ತು ಎಂದು ಬಿಡಿಸಿ ಹೇಳಬಹುದು. ನಂಬುವುದಿಲ್ಲ ಎಂಬ ಭಯ ನನಗಿಲ್ಲ. ನಂಬಿಬಿಟ್ಟಾಳು ಎಂಬುದೇ ಭಯ. ನಂಬಿದ ದಿನದಿಂದ ಅವಳಿಗೆ ಲೀಲಾಳ ಮುಖದಲ್ಲಿ ಕಾಣುವುದು ಸೊಸೆಯಲ್ಲ, ತನ್ನ ತಪ್ಪು. ತನ್ನ ತಪ್ಪನ್ನು ದಿನಾ ಎದುರಿಗೆ ಕೂರಿಸಿಕೊಂಡು ಅನ್ನ ಬಡಿಸುವಷ್ಟು ದೊಡ್ಡ ಮನಸ್ಸು ನನ್ನದೂ ಅಲ್ಲ, ಅವಳದೂ ಅಲ್ಲ. ಸಿಟ್ಟಾದರೆ ಅನ್ನಿಸಿಕೊಂಡು ಬದುಕಬಹುದು, ಅದಕ್ಕೊಂದು ದಿನ ದಣಿವಾಗುತ್ತದೆ. ಆ ಇನ್ನೊಂದಕ್ಕೆ ದಣಿವಿಲ್ಲ.

ಮಾದೇವಿಗೂ ಹೇಳಲಾರೆ. ಹೇಳಿದರೆ ಅವಳು ಓಡಿಹೋಗಿ ಅವ್ವನಿಗೆ ಹೇಳುತ್ತಾಳೆ; ಅವಳ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ನಾಲ್ಕು ವರ್ಷ ಅವಳು ಈ ಅಂಗಳದಲ್ಲಿ ಸದ್ದಿಲ್ಲದೆ ತಿರುಗುತ್ತಾಳೆ. ಪ್ರತಿ ದಿನ ಆ ತೆಳ್ಳನೆಯ ಕರುವಿಗೆ ಹುಲ್ಲು ಹಾಕುವಾಗ ನನ್ನನ್ನು ಶಪಿಸುತ್ತಾಳೆ. ಆ ಶಾಪ ನನಗೆ ಕೇಳಿಸುವುದಿಲ್ಲ. ಅಷ್ಟರಲ್ಲಿ ನನ್ನ ಸಮಾಧಾನವೂ ಅವಳಿಗೆ ಕೇಳಿಸುವುದಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ತುಟಿ ಆಡಿಸುತ್ತ ಕೂತಿರುತ್ತೇವೆ. ಅವಳ ಕಡೆಯವರು, ನನ್ನ ಕಡೆಯವರು, ಹಂದರಕ್ಕೆ ಬಂದವರೆಲ್ಲ, ಮಗಳ ಸೇಡನ್ನು ಹೀಗೆ ತೀರಿಸಿಕೊಂಡಳು ಎಂದು ಆಡಿಕೊಳ್ಳುತ್ತಾರೆ. ನನ್ನ ಗಂಡನೂ ಹಾಗೆಯೇ ತಿಳಿಯುತ್ತಾರೆ.

ಹೊಸಿಲ ಮೇಲೆ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಆ ಮಾತುಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲಿ ಕೇಳಿಸಿಕೊಂಡೆ. ಯಾವುದೂ ತಡೆಯಲಾರದಂಥದ್ದಲ್ಲ. ಯಾವ ಹಗ್ಗ ಬಿಚ್ಚಬೇಕೆಂದು ಆಗಲೇ ಗೊತ್ತಾಗಿತ್ತು. ಮುಂದಿನ ಶುಕ್ರವಾರ ಹಂದರದ ಮುಂದೆ ನಾನು ಬೂದು ಕರುವನ್ನು ಹಿಡಿದು ನಿಲ್ಲುತ್ತೇನೆ, ಯಾರು ಏನು ಕೇಳಿದರೂ ಉತ್ತರ ಕೊಡುವುದಿಲ್ಲ.

ನಾನು ಮಣ್ಣಾಗಿ ಎಷ್ಟೋ ವರ್ಷಗಳ ನಂತರ, ತಲೆ ಬೆಳ್ಳಗಾದ ಮಾದೇವಿ ಒಂದು ಮುಂಜಾನೆ ಹಿತ್ತಲಿನಲ್ಲಿ ಮುದಿ ಬೂದು ಆಕಳ ಪಕ್ಕ ನಿಂತು ಮನೆಯೊಳಗಿರುವ ಯಾರನ್ನೋ ಕೂಗುತ್ತಾಳೆ. ಏನೋ ತರಲಿಕ್ಕೆಂದೋ, ಅಥವಾ ಆಕಾಶ ಚೆನ್ನಾಗಿದೆ, ಬಂದು ನೋಡು ಎಂದೋ. ಒಳಗಿನಿಂದ ಯಾರೋ "ಬಂದೆ" ಅನ್ನುತ್ತಾರೆ. ಅದರಲ್ಲಿ ವಿಶೇಷವೇನಾದರೂ ಇದೆ ಎಂದು ಅವಳಿಗೆ ಅನ್ನಿಸುವುದಿಲ್ಲ.